ಅಮೆರಿಕದ ಅಂತರ್ಯುದ್ಧ: ಮಾತುಕತೆಯಲ್ಲೇ ಮುಗಿಸಬಹುದಿತ್ತಾ?

2023ರ ಡಿಸೆಂಬರ್ ಕೊನೆಯಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಒಂದು ಚುನಾವಣಾ ಸಭೆಯಲ್ಲಿ ಮತದಾರರೊಬ್ಬರು, ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದ ನಿಕ್ಕಿ ಹ್ಯಾಲಿ ಅವರನ್ನು ಕೇಳಿದರು: ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ಏನು? ಹೈಸ್ಕೂಲ್ ಪರೀಕ್ಷೆಯ ಎರಡು ಮಾರ್ಕಿನ ಪ್ರಶ್ನೆ ಇದು. ಸರ್ಕಾರ ಹೇಗೆ ನಡೆಯಬೇಕು, ಜನರಿಗೆ ಎಷ್ಟು ಸ್ವಾತಂತ್ರ್ಯ ಇರಬೇಕು ಅಂತೆಲ್ಲ ಹ್ಯಾಲಿ ಹೇಳಿದರು, ಗುಲಾಮಗಿರಿಯ ಹೆಸರೇ ಎತ್ತಲಿಲ್ಲ. ಗಲಾಟೆ ಆದಮೇಲೆ ಮಾರನೇ ದಿನ, ಗುಲಾಮಗಿರಿಯೇ ಕಾರಣ, ಅದು ಎಲ್ಲರಿಗೂ ಗೊತ್ತಿರುವುದೇ ಎಂದು ಸರಿಪಡಿಸಿಕೊಂಡರು. ಕೆಲವೇ ದಿನಗಳಲ್ಲಿ ಅಯೋವಾದಲ್ಲಿ ಡೊನಾಲ್ಡ್ ಟ್ರಂಪ್ ಇನ್ನೊಂದು ಮಾತು ತೇಲಿಬಿಟ್ಟರು: ಆ ಯುದ್ಧವನ್ನು ಮಾತುಕತೆಯಲ್ಲೇ ಬಗೆಹರಿಸಬಹುದಿತ್ತು.

ಆಮೇಲೆ 2025 ಬಂತು. ಫೋರ್ಟ್ ಲಿಬರ್ಟಿ ಎಂದು ಹೆಸರು ಬದಲಾಗಿದ್ದ ಸೇನಾ ನೆಲೆ ಮತ್ತೆ ಫೋರ್ಟ್ ಬ್ರ್ಯಾಗ್ ಆಯಿತು. ಹಳೆಯ ಬ್ರ್ಯಾಗ್ ಗುಲಾಮಗಿರಿ ಉಳಿಸಲು ಬೇರೆಯಾದ ದಕ್ಷಿಣದ ಸೇನೆಯ ಜನರಲ್. ಈ ಸಲ ಅದೇ ಅಡ್ಡಹೆಸರಿನ, ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಒಬ್ಬ ಸೈನಿಕನನ್ನು ಹುಡುಕಿ ತಂದರು. 2020ರಲ್ಲಿ ಪ್ರತಿಭಟನಾಕಾರರು ಉರುಳಿಸಿದ್ದ ಆಲ್ಬರ್ಟ್ ಪೈಕ್ ಎಂಬ ಇನ್ನೊಬ್ಬ ದಕ್ಷಿಣದ ಜನರಲ್‌ನ ಪ್ರತಿಮೆ ವಾಷಿಂಗ್ಟನ್‌ನಲ್ಲಿ ಮತ್ತೆ ಎದ್ದು ನಿಂತಿತು.

ಹೊರಗಿನಿಂದ ನೋಡುವವರಿಗೆ ಇದರ ತಲೆಬುಡ ಅರ್ಥವಾಗುವುದಿಲ್ಲ. 1865ರಲ್ಲಿ ಮುಗಿದ ಯುದ್ಧ. ಕಾರಣ ಏನು ಅನ್ನುವುದರ ಬಗ್ಗೆ ಇನ್ನೂ ಜಗಳ ಯಾಕೆ? ನಿಜಕ್ಕೂ ಮಾತಾಡಿ ಮುಗಿಸಬಹುದಿತ್ತಾ?

ಮಾತುಕತೆ ಆಗಲಿಲ್ಲ ಅನ್ನುವುದೇ ತಪ್ಪು ಕಲ್ಪನೆ. 1787ರಿಂದ 1861ರವರೆಗೆ ಅಮೆರಿಕದ ರಾಜಕಾರಣಿಗಳು ಗುಲಾಮಗಿರಿ ಬಗ್ಗೆ ರಾಜಿ ಮೇಲೆ ರಾಜಿ ಮಾಡಿಕೊಂಡರು. ಒಂದೊಂದು ರಾಜಿಯೂ ಜಗಳವನ್ನು ತೀರಿಸದೆ ಇನ್ನೊಂದು ಜಾಗಕ್ಕೆ ಸಾಗಹಾಕಿತು, ಅಲ್ಲಿ ಅದು ಇನ್ನಷ್ಟು ದೊಡ್ಡದಾಗಿ ಬೆಳೆಯಿತು. ಕೊನೆಗೆ ಎರಡೂ ಕಡೆಯವರು ನಂಬುವಂಥ ಒಬ್ಬ ಪಂಚನೂ ಉಳಿಯಲಿಲ್ಲ.

ಹತ್ತಿ ಬಂತು, ಲೆಕ್ಕ ತಪ್ಪಿತು

1787ರಲ್ಲಿ ಸಂವಿಧಾನ ಬರೆದವರಲ್ಲಿ ಹಲವರಿಗೆ ಒಂದು ಆಸೆ ಇತ್ತು. ಗುಲಾಮಗಿರಿ ಲಾಭ ಕಡಿಮೆಯಾಗಿ ತಾನಾಗೇ ಸಾಯುತ್ತದೆ, ಸುಮ್ನೆ ಈಗ ಕೆದಕುವುದು ಬೇಡ ಅಂತ. ಹಾಗಾಗಿ ಮೂರು ರಿಯಾಯಿತಿ ಕೊಟ್ಟರು. ಸಂಸತ್ತಿನ ಸೀಟು ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕು. ಓಡಿಹೋದ ಗುಲಾಮರನ್ನು ವಾಪಸ್ ಕೊಡಬೇಕು. ಹೊರದೇಶದಿಂದ ಗುಲಾಮರನ್ನು ತರುವುದನ್ನು 1808ರವರೆಗೆ ನಿಷೇಧಿಸುವ ಹಾಗಿಲ್ಲ. ಮೊದಲನೆಯದು ನೋಡಿ: ಗುಲಾಮರಿಗೆ ವೋಟಿಲ್ಲ, ಆದರೆ ಅವರ ತಲೆ ಎಣಿಸಿ ಮಾಲೀಕರಿಗೆ ಜಾಸ್ತಿ ಸೀಟು.

ಆರೇ ವರ್ಷಕ್ಕೆ, 1793ರಲ್ಲಿ, ಈಲೈ ವಿಟ್ನಿ ಹತ್ತಿ ಬಿಡಿಸುವ ಜಿನ್ ಮಾಡಿದ. ಬೀಜ ಬೇರ್ಪಡಿಸುವ ಕಷ್ಟದ ಕೆಲಸ ಸಲೀಸಾಯಿತು. ಬೆಳೆಯೋಕೆ, ಬಿಡಿಸೋಕೆ ಮಾತ್ರ ಕೈಗಳೇ ಬೇಕು. ಇಂಗ್ಲೆಂಡಿನ ಗಿರಣಿಗಳು ಎಷ್ಟು ಕೊಟ್ಟರೂ ಸಾಲದು ಅನ್ನುತ್ತಿದ್ದವು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರ ಸಂಖ್ಯೆ 1860ಕ್ಕೆ 39.5 ಲಕ್ಷ ಆಯಿತು. ದೇಶದ ರಫ್ತಿನ ಅರ್ಧಕ್ಕಿಂತ ಜಾಸ್ತಿ ಹಣ ಹತ್ತಿಯಿಂದಲೇ ಬರುತ್ತಿತ್ತು.

ಇದರಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ವಿಷಯ ಇದೆ. ಮಾಲೀಕರ ಕಣ್ಣಿನಲ್ಲಿ ಗುಲಾಮರು ಕೂಲಿಯಾಳುಗಳಷ್ಟೇ ಆಗಿರಲಿಲ್ಲ, ಬ್ಯಾಂಕಿನಲ್ಲಿ ಅಡವಿಡಬಹುದಾದ ಆಸ್ತಿಯೂ ಆಗಿದ್ದರು. 1860ರಲ್ಲಿ ಅವರ ಮೇಲೆ ಕಟ್ಟಿದ ಬೆಲೆ 300 ಕೋಟಿ ಡಾಲರ್‌ಗೂ ಜಾಸ್ತಿ ಎಂದು ಆರ್ಥಿಕ ಇತಿಹಾಸಕಾರರ ಅಂದಾಜು. ದೇಶದ ರೈಲು ದಾರಿ, ಕಾರ್ಖಾನೆಗಳಲ್ಲಿ ಹೂಡಿದ ಹಣವನ್ನೆಲ್ಲ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ಹತ್ತಿ ಅಷ್ಟಾಗಿ ಬೆಳೆಯದ ವರ್ಜೀನಿಯಾದವರೂ ಈ ವ್ಯವಹಾರದಲ್ಲಿ ಪಾಲುದಾರರೇ. ಅವರು ಮಿಸಿಸಿಪ್ಪಿ, ಲೂಸಿಯಾನಾ ಕಡೆಗೆ ಜನರನ್ನು ಮಾರುತ್ತಿದ್ದರು. ಪಶ್ಚಿಮದಲ್ಲಿ ಹೊಸ ಜಮೀನು ತೆರೆದುಕೊಂಡಷ್ಟೂ ಮನುಷ್ಯರ ಬೆಲೆ ಏರುತ್ತಿತ್ತು, ಹೊಸ ಜಮೀನು ಮುಚ್ಚಿದರೆ ಇಳಿಯುತ್ತಿತ್ತು. ಆದ್ದರಿಂದಲೇ ಬಿಳಿಯರು ಇನ್ನೂ ಅಷ್ಟಾಗಿ ನೆಲೆಸದ ಬಯಲಿನ ಬಗ್ಗೆ ಅಷ್ಟು ಕಾದಾಟ.

ಸೆನೆಟ್ ಲೆಕ್ಕ

ಅಮೆರಿಕದ ಸೆನೆಟ್‌ನಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ಎರಡೇ ಸೀಟು. 1819ರಲ್ಲಿ ಗುಲಾಮಗಿರಿ ಇದ್ದ ರಾಜ್ಯ 11, ಇಲ್ಲದ್ದು 11. ಆಗ ಮಿಸೌರಿ ಗುಲಾಮಗಿರಿ ಸಮೇತ ಒಳಗೆ ಬರುತ್ತೇನೆ ಅಂದಿತು. ಉತ್ತರದಲ್ಲಿ ಜನಸಂಖ್ಯೆ ಜಾಸ್ತಿ ಆಗುತ್ತಾ ಹೋಗಿದ್ದರಿಂದ ಕೆಳಮನೆ ಹೇಗೂ ಅವರ ಕೈಯಲ್ಲಿತ್ತು. ದಕ್ಷಿಣಕ್ಕೆ ಉಳಿದಿದ್ದ ತಡೆಗೋಡೆ ಸೆನೆಟ್ ಒಂದೇ.

1820ರಲ್ಲಿ ರಾಜಿ ಆಯಿತು. ಮಿಸೌರಿ ಗುಲಾಮಗಿರಿ ರಾಜ್ಯವಾಗಿ ಒಳಗೆ, ಜೊತೆಗೆ ಮೇನ್ ಸ್ವತಂತ್ರ ರಾಜ್ಯವಾಗಿ (ಅಂದರೆ ಗುಲಾಮಗಿರಿ ಇಲ್ಲದ ರಾಜ್ಯವಾಗಿ) ಒಳಗೆ. ಫ್ರಾನ್ಸ್‌ನಿಂದ ಕೊಂಡಿದ್ದ ಪಶ್ಚಿಮದ ವಿಶಾಲ ನೆಲದ (ಲೂಸಿಯಾನಾ ಖರೀದಿ) ಉಳಿದ ಭಾಗದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶದ ಮೇಲಕ್ಕೆ ಗುಲಾಮಗಿರಿ ಇಲ್ಲ. ಮೂವತ್ತು ವರ್ಷ ಈ ಗೆರೆ ಕೆಲಸ ಮಾಡಿತು ಅನ್ನಬಹುದು. ಆದರೆ ಅದು ದೇಶವನ್ನೇ ಎರಡು ಪಾಲು ಮಾಡಿ ಯೋಚಿಸುವ ಅಭ್ಯಾಸವನ್ನೂ ಕಲಿಸಿತು.

ಗೆರೆ ಹಾಕಿದ್ದು ಇದ್ದ ನೆಲಕ್ಕೆ. 1846ರಿಂದ 1848ರವರೆಗೆ ಮೆಕ್ಸಿಕೋ ಜೊತೆ ಯುದ್ಧ ಮಾಡಿ ಕ್ಯಾಲಿಫೋರ್ನಿಯಾವರೆಗಿನ ನೆಲ ಕಿತ್ತುಕೊಂಡಾಗ ಅದಕ್ಕೆ ಯಾವ ಗೆರೆ? ಗೆದ್ದ ನೆಲದಲ್ಲಿ ಗುಲಾಮಗಿರಿ ಬೇಡ ಎಂದು ಪೆನ್ಸಿಲ್ವೇನಿಯಾದ ಡೇವಿಡ್ ವಿಲ್ಮಟ್ 1846ರಲ್ಲೇ ಪ್ರಸ್ತಾಪ ಇಟ್ಟಿದ್ದ. ಕೆಳಮನೆ ಒಪ್ಪಿತು, ಸೆನೆಟ್ ಒಪ್ಪಲಿಲ್ಲ. ಆ ಮತದಾನದಲ್ಲಿ ಪಕ್ಷದ ಗೆರೆ ಮಾಯವಾಗಿ ಉತ್ತರ ದಕ್ಷಿಣದ ಗೆರೆ ಎದ್ದು ಕಂಡಿತು. ಅಷ್ಟು ಹೊತ್ತಿಗೆ ಚರ್ಚುಗಳೇ ಒಡೆದಿದ್ದವು. ಮೆಥಡಿಸ್ಟರು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ. ಗುಲಾಮಗಿರಿ ವಿರುದ್ಧದ ಅರ್ಜಿಗಳನ್ನು ಚರ್ಚೆಗೇ ಎತ್ತಿಕೊಳ್ಳಬಾರದು ಎಂದು ಕೆಳಮನೆ 1836ರಿಂದ 1844ರವರೆಗೆ ನಿಯಮ ಮಾಡಿಕೊಂಡಿತ್ತು. ಅದರಿಂದ ಉಲ್ಟಾ ಆಯಿತು. ಗುಲಾಮರ ಬಗ್ಗೆ ತಲೆಕೆಡಿಸಿಕೊಳ್ಳದ ಉತ್ತರದ ಬಿಳಿಯರಿಗೂ ‘ನಮ್ಮ ಬಾಯಿ ಮುಚ್ಚಿಸುತ್ತಿದ್ದಾರೆ’ ಅನ್ನಿಸತೊಡಗಿತು.

ಹತ್ತು ಡಾಲರ್, ಐದು ಡಾಲರ್

1850ರಲ್ಲಿ ಮತ್ತೊಂದು ದೊಡ್ಡ ರಾಜಿ. ಕ್ಯಾಲಿಫೋರ್ನಿಯಾ ಸ್ವತಂತ್ರ ರಾಜ್ಯ. ಅದಕ್ಕೆ ಬದಲಾಗಿ ದಕ್ಷಿಣಕ್ಕೆ ಸಿಕ್ಕಿದ್ದು, ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಠಿಣ ಕಾಯಿದೆ. ಯುದ್ಧಕ್ಕೆ ಹೋಗುವ ದಾರಿಯಲ್ಲಿ ಇದರಷ್ಟು ಕೆಲಸ ಮಾಡಿದ ಕಾಯಿದೆ ಇನ್ನೊಂದಿಲ್ಲ, ಹಾಗಾಗಿ ಸ್ವಲ್ಪ ಹತ್ತಿರದಿಂದ ನೋಡೋಣ.

ಸಿಕ್ಕಿಬಿದ್ದವನ ಕೇಸು ಜ್ಯೂರಿ ಮುಂದೆ ಬರುವುದಿಲ್ಲ. ಅವನು ತನ್ನ ಪರವಾಗಿ ಸಾಕ್ಷಿ ಹೇಳುವ ಹಾಗಿಲ್ಲ. ತೀರ್ಮಾನ ಮಾಡುವವನು ಒಬ್ಬ ಕಮಿಷನರ್. ಇವನು ಗುಲಾಮನೇ ಎಂದು ವಾಪಸ್ ಕಳಿಸಿದರೆ ಕಮಿಷನರ್‌ಗೆ 10 ಡಾಲರ್ ಫೀಸು, ಬಿಟ್ಟು ಕಳಿಸಿದರೆ 5 ಡಾಲರ್. ಕಾಗದದ ಕೆಲಸ ಜಾಸ್ತಿ, ಅದಕ್ಕೆ ಜಾಸ್ತಿ ಫೀಸು ಅಂತ ಸಮಜಾಯಿಷಿ. ಹಿಡಿಯಲು ದಾರಿಹೋಕರೂ ಕೈಜೋಡಿಸಬೇಕು. ಓಡಿಬಂದವನಿಗೆ ಜಾಗ ಕೊಟ್ಟರೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಆಂಥೊನಿ ಬರ್ನ್ಸ್ ಎಂಬ ಇಪ್ಪತ್ತರ ಆಸುಪಾಸಿನ ಯುವಕ 1854ರಲ್ಲಿ ವರ್ಜೀನಿಯಾದಿಂದ ಹಡಗಿನಲ್ಲಿ ತಪ್ಪಿಸಿಕೊಂಡು ಬಾಸ್ಟನ್‌ಗೆ ಬಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಅಣ್ಣನಿಗೆ ಬರೆದ ಕಾಗದ ಮಾಲೀಕನ ಕೈಗೆ ಸಿಕ್ಕಿತು. ಮೇ 24ರ ಸಂಜೆ ಕಳ್ಳತನದ ಸುಳ್ಳು ನೆಪ ಹೇಳಿ ಹಿಡಿದರು. ಎರಡು ದಿನದ ಮೇಲೆ ಜನ ಕೋರ್ಟಿನ ಬಾಗಿಲು ಒಡೆಯಲು ನುಗ್ಗಿದರು, ಒಬ್ಬ ಕಾವಲುಗಾರ ಸತ್ತ. ಜೂನ್ 2ರಂದು ವಾಪಸ್ ಕಳಿಸುವ ತೀರ್ಪು ಬಂತು. ಒಬ್ಬ ಮನುಷ್ಯನನ್ನು ಕೋರ್ಟಿನಿಂದ ಬಂದರಿಗೆ ಕರೆದೊಯ್ಯಲು ಸೈನಿಕರ ಸಾಲು, ಫಿರಂಗಿ. ರಸ್ತೆಯ ಎರಡೂ ಬದಿಗೆ ಸುಮಾರು 50,000 ಜನ. ಅಂಗಡಿಗಳಿಗೆ ಕಪ್ಪು ಬಟ್ಟೆ, ಮೇಲೆ ‘ಸ್ವಾತಂತ್ರ್ಯ’ ಎಂದು ಬರೆದು ತೂಗುಹಾಕಿದ ಶವಪೆಟ್ಟಿಗೆ.

ಬಾಸ್ಟನ್‌ನ ಜವಳಿ ವ್ಯಾಪಾರಿ ಏಮೊಸ್ ಲಾರೆನ್ಸ್ ಆಗ ಬರೆದದ್ದರ ಸಾರಾಂಶ ಇಷ್ಟು: ರಾತ್ರಿ ಮಲಗುವಾಗ ನಾವು ರಾಜಿ ಬಯಸುವ ಸಂಪ್ರದಾಯಸ್ಥರಾಗಿದ್ದೆವು, ಬೆಳಿಗ್ಗೆ ಏಳುವಾಗ ಗುಲಾಮಗಿರಿಯ ಹುಚ್ಚು ವಿರೋಧಿಗಳಾಗಿದ್ದೆವು. ದಕ್ಷಿಣದ ಹತ್ತಿಯಿಂದಲೇ ಹಣ ಮಾಡಿದ ವರ್ಗದವನು ಇವನು, ನೆನಪಿರಲಿ. ದೂರದ ತೋಟದಲ್ಲಿ ನಡೆಯುತ್ತಿದ್ದುದನ್ನು ಸಹಿಸಿಕೊಂಡಿದ್ದವರಿಗೆ, ತಮ್ಮ ಬೀದಿಯಲ್ಲಿ, ತಮ್ಮ ಕೈಯಿಂದಲೇ ಮಾಡಿಸಿದಾಗ ಸಹಿಸಲು ಆಗಲಿಲ್ಲ. ಮರುವರ್ಷ ಮ್ಯಾಸಚೂಸೆಟ್ಸ್ ಆ ಕಾಯಿದೆಗೆ ಅಡ್ಡಗಾಲು ಹಾಕುವ ತನ್ನದೇ ಕಾನೂನು ಮಾಡಿತು. ದಕ್ಷಿಣದವರು ಇದನ್ನು ನಂಬಿಕೆದ್ರೋಹ ಅಂದರು. ಅವರ ದೃಷ್ಟಿಯಲ್ಲಿ ನೋಡಿದರೆ ಅದೂ ಸುಳ್ಳಲ್ಲ. ರಾಜಿಯಲ್ಲಿ ತಮಗೆ ಸಿಕ್ಕಿದ ಮುಖ್ಯ ಪಾಲು ಜಾರಿಯಾಗುತ್ತಿಲ್ಲ, ಅಲ್ವಾ?

‘ಅಲ್ಲಿನ ಜನರೇ ತೀರ್ಮಾನಿಸಲಿ’

ಅದೇ 1854ರಲ್ಲಿ ಇಲಿನಾಯ್ ಸೆನೆಟರ್ ಸ್ಟೀಫನ್ ಡಗ್ಲಸ್‌ಗೆ ಪಶ್ಚಿಮಕ್ಕೆ ರೈಲು ಬೇಕಿತ್ತು. ರೈಲು ಹೋಗಬೇಕಾದರೆ ಮಧ್ಯದ ನೆಲಕ್ಕೆ ಒಂದು ಆಡಳಿತ ಬೇಕು. ಅದಕ್ಕೆ ದಕ್ಷಿಣದ ವೋಟು ಬೇಕು. ಹಾಗಾಗಿ 1820ರ ಗೆರೆಯನ್ನೇ ಅಳಿಸಿ, ಕಾನ್ಸಾಸ್ ಮತ್ತು ನೆಬ್ರಾಸ್ಕಾದಲ್ಲಿ ಗುಲಾಮಗಿರಿ ಬೇಕೋ ಬೇಡವೋ ಎಂದು ಅಲ್ಲಿ ನೆಲೆಸುವವರೇ ವೋಟು ಹಾಕಿ ತೀರ್ಮಾನಿಸಲಿ ಎಂದ.

ಕೇಳೋಕೆ ಎಷ್ಟು ನ್ಯಾಯವಾಗಿದೆ! ಆದರೆ ಯಾರು ‘ಅಲ್ಲಿನ ಜನ’? ಯಾವಾಗ ವೋಟು? ಅದಕ್ಕೆ ಉತ್ತರ ಬರೆದಿರಲಿಲ್ಲ. ಅಂದಮೇಲೆ ಯಾರು ಮೊದಲು ಜನ ತುಂಬಿಸುತ್ತಾರೋ ಅವರದ್ದೇ ಗೆಲುವು. ಉತ್ತರದಿಂದ ವಲಸಿಗರನ್ನು ಕಳಿಸಲು ದುಡ್ಡು ಹಾಕಿದವರಲ್ಲಿ ಅದೇ ಏಮೊಸ್ ಲಾರೆನ್ಸ್ ಮುಂದಿದ್ದ. ಕಾನ್ಸಾಸ್‌ನ ಲಾರೆನ್ಸ್ ಊರಿಗೆ ಅವನದೇ ಹೆಸರು. ಪಕ್ಕದ ಮಿಸೌರಿಯಿಂದ ಗುಲಾಮಗಿರಿ ಪರ ಗುಂಪುಗಳು ಬಂದೂಕು ಹಿಡಿದು ಗಡಿ ದಾಟಿ ಬಂದು ವೋಟು ಹಾಕಿ ವಾಪಸ್ ಹೋದವು. 1855ರ ಮಾರ್ಚ್ ಚುನಾವಣೆಯಲ್ಲಿ ವೋಟಿನ ಹಕ್ಕಿದ್ದವರು 2,905 ಜನ, ಬಿದ್ದ ವೋಟು 6,000ಕ್ಕೂ ಜಾಸ್ತಿ. ಹೀಗೆ ಆರಿಸಿ ಬಂದ ಶಾಸನಸಭೆ, ಇಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ ಎಂದು ಹೇಳುವುದೇ ಜೈಲಿಗೆ ಹೋಗುವ ಅಪರಾಧ ಎಂದು ಕಾನೂನು ಮಾಡಿತು. ಎದುರು ಗುಂಪು ಬೇರೆ ಸರ್ಕಾರ ಕಟ್ಟಿಕೊಂಡಿತು. ಒಂದು ನೆಲ, ಎರಡು ಸರ್ಕಾರ, ಎರಡಕ್ಕೂ ಬಂದೂಕು.

1856ರ ಮೇ ತಿಂಗಳ ಒಂದೇ ವಾರ ನೋಡಿ. 21ರಂದು ಗುಲಾಮಗಿರಿ ಪರ ಗುಂಪು ಲಾರೆನ್ಸ್ ಊರನ್ನು ಲೂಟಿ ಮಾಡಿತು. 22ರಂದು ವಾಷಿಂಗ್ಟನ್‌ನ ಸೆನೆಟ್ ಸಭಾಂಗಣದೊಳಗೇ, ಕಾನ್ಸಾಸ್ ಬಗ್ಗೆ ಕಟುವಾಗಿ ಮಾತಾಡಿದ್ದ ಮ್ಯಾಸಚೂಸೆಟ್ಸ್ ಸೆನೆಟರ್ ಚಾರ್ಲ್ಸ್ ಸಮ್ನರ್‌ನನ್ನು ದಕ್ಷಿಣ ಕೆರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಬೆತ್ತ ಮುರಿಯುವವರೆಗೆ ಹೊಡೆದ. 24ರ ರಾತ್ರಿ ಗುಲಾಮಗಿರಿಯ ಉಗ್ರ ವಿರೋಧಿ ಜಾನ್ ಬ್ರೌನ್ ಮತ್ತು ಸಂಗಡಿಗರು ಗುಲಾಮಗಿರಿ ಪರ ಐವರನ್ನು ಮನೆಯಿಂದ ಎಳೆದು ಕತ್ತಿಯಿಂದ ಕಡಿದರು.

ಇಲ್ಲಿ ಘಟನೆಗಿಂತ ಪ್ರತಿಕ್ರಿಯೆ ಮುಖ್ಯ. ಬ್ರೂಕ್ಸ್‌ನನ್ನು ಸಂಸತ್ತಿನಿಂದ ಹೊರಹಾಕಲು ಬೇಕಾದ ಮೂರನೇ ಎರಡರಷ್ಟು ವೋಟು ಸಿಗಲಿಲ್ಲ. ಅವನೇ ರಾಜೀನಾಮೆ ಕೊಟ್ಟು ಮತ್ತೆ ಗೆದ್ದು ಬಂದ. ಅಭಿಮಾನಿಗಳು ಅವನಿಗೆ ಹೊಸ ಬೆತ್ತಗಳನ್ನು ಕಳಿಸಿದರು. ಮ್ಯಾಸಚೂಸೆಟ್ಸ್ ಸಮ್ನರ್‌ನ ಕುರ್ಚಿಯನ್ನು ಮೂರು ವರ್ಷ ಖಾಲಿ ಇಟ್ಟಿತು. ಒಂದು ಕಡೆಯ ಗೂಂಡಾ ಇನ್ನೊಂದು ಕಡೆಯ ಹೀರೋ ಆಗಲು ಶುರುವಾದ ಮೇಲೆ ರಾಜಿ ಮಾಡಿಕೊಳ್ಳುವ ರಾಜಕಾರಣಿಗೆ ತನ್ನ ಊರಿನಲ್ಲೇ ವೋಟು ಸಿಗುವುದಿಲ್ಲ. ಹೀಗೇ ರಾಷ್ಟ್ರೀಯ ಪಕ್ಷವಾಗಿದ್ದ ವಿಗ್ ಪಕ್ಷ ಸತ್ತಿತು. ಆ ಜಾಗದಲ್ಲಿ ಉತ್ತರದಲ್ಲಿ ಮಾತ್ರ ಬಲ ಇದ್ದ ರಿಪಬ್ಲಿಕನ್ ಪಕ್ಷ ಹುಟ್ಟಿತು.

ಕೋರ್ಟೂ ಪಂಚನಾಗಿ ಉಳಿಯಲಿಲ್ಲ

ಸಂಸತ್ತಿನಿಂದ ಆಗದ್ದು ಕೋರ್ಟಿನಿಂದ ಆದೀತು ಅನ್ನುವ ಆಸೆ ಎಲ್ಲ ದೇಶಗಳಲ್ಲೂ ಇರುತ್ತದೆ. 1857ರ ಮಾರ್ಚ್ 6ರಂದು ಸುಪ್ರೀಂ ಕೋರ್ಟ್ ಡ್ರೆಡ್ ಸ್ಕಾಟ್ ಕೇಸಿನ ತೀರ್ಪು ಕೊಟ್ಟಿತು. ಸೇನೆಯ ವೈದ್ಯನೊಬ್ಬ ಸ್ಕಾಟ್‌ನನ್ನು ಗುಲಾಮಗಿರಿ ಇಲ್ಲದ ಪ್ರದೇಶಗಳಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ. ಹಾಗಾದರೆ ನಾನು ಸ್ವತಂತ್ರ ಅಲ್ಲವೇ ಅನ್ನುವುದು ಸ್ಕಾಟ್‌ನ ಪ್ರಶ್ನೆ. ಮುಖ್ಯ ನ್ಯಾಯಮೂರ್ತಿ ರಾಜರ್ ಟಾನಿ ಎರಡು ಬಾಂಬ್ ಹಾಕಿದ. ಒಂದು, ಕಪ್ಪು ಜನ ಸ್ವತಂತ್ರರಾಗಿದ್ದರೂ ಅಮೆರಿಕದ ಪ್ರಜೆಗಳಲ್ಲ, ಹಾಗಾಗಿ ಕೇಸು ಹಾಕುವ ಹಕ್ಕೇ ಇಲ್ಲ. ಎರಡು, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ನಿಷೇಧಿಸುವ ಅಧಿಕಾರ ಸಂಸತ್ತಿಗೆ ಇಲ್ಲ.

7-2ರ ಈ ತೀರ್ಪು ಹೊಸ ಪಕ್ಷದ ಮುಖ್ಯ ಕಾರ್ಯಕ್ರಮವನ್ನೇ ಸಂವಿಧಾನಬಾಹಿರ ಎಂದಂತಾಯಿತು. ಅಷ್ಟೇ ಅಲ್ಲ, ಜನರೇ ವೋಟು ಹಾಕಲಿ ಅನ್ನುವ ಡಗ್ಲಸ್‌ನ ಸೂತ್ರದ ಬುಡವೂ ಅಲುಗಾಡಿತು. ಸಂಸತ್ತಿಗೇ ಇಲ್ಲದ ಅಧಿಕಾರ ಸ್ಥಳೀಯ ಸಭೆಗೆ ಎಲ್ಲಿಂದ ಬರುತ್ತದೆ? ರಾಜಿಗೆ ಇದ್ದ ಕೊನೆಯ ಜಾಗವನ್ನು ಕೋರ್ಟ್ ಮುಚ್ಚಿತು. ಅಧ್ಯಕ್ಷನಾಗಲಿದ್ದ ಜೇಮ್ಸ್ ಬ್ಯುಕ್ಯಾನನ್ ತೀರ್ಪಿಗೆ ಮೊದಲೇ ನ್ಯಾಯಮೂರ್ತಿಗಳ ಜೊತೆ ಪತ್ರ ವ್ಯವಹಾರ ಮಾಡಿದ್ದ ಅನ್ನುವುದು ಆಮೇಲೆ ಹೊರಬಂತು.

ಮುಟ್ಟುವುದಿಲ್ಲ ಎಂದರೂ ಯಾಕೆ ಹೋದರು?

1859ರ ಅಕ್ಟೋಬರ್‌ನಲ್ಲಿ ಜಾನ್ ಬ್ರೌನ್ ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ ಗುಲಾಮರ ದಂಗೆ ಎಬ್ಬಿಸಲು ನೋಡಿ, ಸಿಕ್ಕಿಬಿದ್ದು ಗಲ್ಲಿಗೇರಿದ. ಉತ್ತರದ ಕೆಲವು ಊರುಗಳಲ್ಲಿ ಚರ್ಚ್ ಗಂಟೆ ಬಾರಿಸಿ ಅವನಿಗೆ ಗೌರವ ಕೊಟ್ಟರು. ದಕ್ಷಿಣ ಕೆರೊಲಿನಾದ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಗುಲಾಮರೇ. ಆ ಗಂಟೆ ಅಲ್ಲಿನ ಬಿಳಿಯರಿಗೆ ಹೇಗೆ ಕೇಳಿಸಿರಬಹುದು, ಊಹಿಸಿ.

1860ರ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷವೂ ಎರಡಾಗಿ ಒಡೆಯಿತು. ನಾಲ್ವರ ಸ್ಪರ್ಧೆಯಲ್ಲಿ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ ಸುಮಾರು 40% ಮತ ಪಡೆದು ಗೆದ್ದ. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವನ ಪಕ್ಷಕ್ಕೆ ಒಂದು ಮತಪತ್ರವೂ ಇರಲಿಲ್ಲ. ಅಂದರೆ ದಕ್ಷಿಣದ ಒಂದೂ ರಾಜ್ಯ ಗೆಲ್ಲದೆ ಅಧ್ಯಕ್ಷ ಆಗಬಹುದು ಅನ್ನುವುದು ಮೊದಲ ಸಲ ಸಾಬೀತಾಯಿತು.

ಲಿಂಕನ್ ಹೇಳುತ್ತಿದ್ದದ್ದು ಇಷ್ಟೇ: ಇರುವ ರಾಜ್ಯಗಳಲ್ಲಿ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹೊಸ ನೆಲಕ್ಕೆ ಹರಡಲು ಬಿಡುವುದಿಲ್ಲ. ಹಾಗಿದ್ದರೂ ದಕ್ಷಿಣ ಯಾಕೆ ಕಾಯಲಿಲ್ಲ? ಯಾಕೆಂದರೆ ಅವರು ಮುಂದಿನ ಮೂವತ್ತು ವರ್ಷದ ಲೆಕ್ಕ ಹಾಕಿದರು. ಹೊಸ ರಾಜ್ಯಗಳೆಲ್ಲ ಸ್ವತಂತ್ರ ರಾಜ್ಯಗಳಾದರೆ ಒಂದು ದಿನ ಸಂವಿಧಾನವನ್ನೇ ತಿದ್ದುವಷ್ಟು ಬಹುಮತ ಆ ಕಡೆ ಆಗುತ್ತದೆ. ಅದಕ್ಕೂ ಮೊದಲು, ಅಧ್ಯಕ್ಷ ನೇಮಿಸುವ ಪೋಸ್ಟ್‌ಮಾಸ್ಟರ್‌ಗಳು, ನ್ಯಾಯಾಧೀಶರು ಬರುತ್ತಾರೆ. ಅಂಚೆಯಲ್ಲಿ ತಡೆಹಿಡಿದಿದ್ದ ಗುಲಾಮಗಿರಿ ವಿರೋಧಿ ಪತ್ರಿಕೆಗಳು ಊರೊಳಗೆ ಬರುತ್ತವೆ. ದಕ್ಷಿಣದ ಬಿಳಿ ಕುಟುಂಬಗಳಲ್ಲಿ ಹೆಚ್ಚಿನವರಿಗೆ ಒಬ್ಬ ಗುಲಾಮನೂ ಇರಲಿಲ್ಲ. ಇವರಲ್ಲೇ ಲಿಂಕನ್‌ನ ಪಕ್ಷ ಬೇರು ಬಿಟ್ಟರೆ? ಈ ಭಯ ತೋಟದ ಮಾಲೀಕರನ್ನು ಜಾಸ್ತಿ ಕಾಡಿತ್ತು.

ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರನಡೆಯಿತು. ಫೆಬ್ರವರಿ 1ರೊಳಗೆ ಏಳು ರಾಜ್ಯ. ಗುಲಾಮರ ಪ್ರಮಾಣ ಹೆಚ್ಚಿದ್ದ ಕಡೆಯೇ ಅವಸರವೂ ಹೆಚ್ಚು. ಏಪ್ರಿಲ್ 12ರಂದು ಕೇಂದ್ರದ ಕೋಟೆಯಾದ ಫೋರ್ಟ್ ಸಮ್ಟರ್ ಮೇಲೆ ದಕ್ಷಿಣದ ಗುಂಡು ಹಾರಿತು, ಲಿಂಕನ್ 75,000 ಸೈನಿಕರನ್ನು ಕರೆದ, ಆಮೇಲೆ ಇನ್ನೂ ನಾಲ್ಕು ರಾಜ್ಯ ಹೋದವು. ಗುಲಾಮರು ಕಡಿಮೆ ಇದ್ದ ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ ಉಳಿದವು. ನಾಲ್ಕು ವರ್ಷದ ಯುದ್ಧದಲ್ಲಿ ಸತ್ತವರು 6.2 ಲಕ್ಷ ಅನ್ನುವುದು ಹಳೇ ಲೆಕ್ಕ, 7.5 ಲಕ್ಷದವರೆಗೆ ಅನ್ನುವುದು ಹೊಸ ಅಂದಾಜು.

ರಾಜ್ಯಗಳ ಹಕ್ಕಿನ ವಾದ

ಈಗ ಎದುರು ವಾದಕ್ಕೆ ಬರೋಣ. ದಕ್ಷಿಣ ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ, ಕೇಂದ್ರದ ದಬ್ಬಾಳಿಕೆ ವಿರುದ್ಧ ಅನ್ನುವುದು ಆ ಕಡೆಯ ಮಾತು. ಇದನ್ನು ನಂಬುವವರು ಇವತ್ತೂ ಬಹಳ ಜನ ಇದ್ದಾರೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಸಾಮಾನ್ಯ ಸೈನಿಕ ತನ್ನ ಊರಿಗೆ ಸೇನೆ ನುಗ್ಗಿತು ಎಂದು ಬಂದೂಕು ಹಿಡಿದಿರಬಹುದು. ಉತ್ತರವೂ ಮೊದಲು ಯುದ್ಧಕ್ಕೆ ಇಳಿದದ್ದು ಗುಲಾಮರನ್ನು ಬಿಡಿಸಲು ಅಲ್ಲ, ಒಕ್ಕೂಟ ಉಳಿಸಲು. ವಿಮೋಚನೆಯ ಘೋಷಣೆ ಬಂದದ್ದು 1863ರ ಜನವರಿ 1ಕ್ಕೆ.

ಆದರೆ ಉತ್ತರ ಯಾಕೆ ಹೋರಾಡಿತು, ದಕ್ಷಿಣ ಯಾಕೆ ಬಿಟ್ಟು ಹೋಯಿತು, ಇವು ಎರಡು ಬೇರೆ ಪ್ರಶ್ನೆಗಳು. ಟಿವಿ ಚರ್ಚೆಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ಎರಡನೆಯದಕ್ಕೆ ದಕ್ಷಿಣವೇ ಬರಹದಲ್ಲಿ ಉತ್ತರ ಕೊಟ್ಟಿದೆ. ಒಕ್ಕೂಟ ಬಿಡುವಾಗ ಮಿಸಿಸಿಪ್ಪಿ ಹೊರಡಿಸಿದ ಘೋಷಣೆ, ತಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆರೆತಿದೆ ಎಂದು ಶುರುವಿನಲ್ಲೇ ಹೇಳುತ್ತದೆ. ಬೇರೆಯಾದ ರಾಜ್ಯಗಳು ಕಟ್ಟಿಕೊಂಡ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು, ಕಪ್ಪು ಜನ ಬಿಳಿಯರಿಗೆ ಸಮಾನರಲ್ಲ ಅನ್ನುವುದೇ ತಮ್ಮ ಸರ್ಕಾರದ ಮೂಲೆಗಲ್ಲು ಅಂದ. ಯುದ್ಧ ಸೋತ ಮೇಲೆ ಅದೇ ಸ್ಟೀಫನ್ಸ್, ಜಗಳ ಇದ್ದದ್ದು ಕೇಂದ್ರದ ಅಧಿಕಾರದ ಬಗ್ಗೆ ಎಂದು ದಪ್ಪ ದಪ್ಪ ಸಂಪುಟಗಳನ್ನೇ ಬರೆದ.

ಇನ್ನು ರಾಜ್ಯದ ಹಕ್ಕು. ಮ್ಯಾಸಚೂಸೆಟ್ಸ್ ತನ್ನ ಹಕ್ಕು ಬಳಸಿ ಗುಲಾಮರನ್ನು ಹಿಡಿದುಕೊಡಲ್ಲ ಅಂದಾಗ, ಕೇಂದ್ರ ಸೇನೆ ಕಳಿಸಿಯಾದರೂ ಹಿಡಿಯಲಿ ಅಂದವರು ಯಾರು? ದಕ್ಷಿಣದವರೇ. ಅವರು ಬರೆದುಕೊಂಡ ಹೊಸ ಸಂವಿಧಾನದಲ್ಲೂ ಯಾವ ಹೊಸ ಪ್ರದೇಶಕ್ಕೂ ಗುಲಾಮಗಿರಿ ಬೇಡ ಅನ್ನುವ ಆಯ್ಕೆ ಇರಲಿಲ್ಲ.

ದುಡ್ಡು ಕೊಟ್ಟು ಬಿಡಿಸಬಹುದಿತ್ತಲ್ವಾ?

ಟ್ರಂಪ್ ಮಾತಿನ ಹಿಂದಿರುವ ಗಟ್ಟಿ ಪ್ರಶ್ನೆ ಇದು. ಬ್ರಿಟನ್ 1833ರಲ್ಲಿ ಕಾಯಿದೆ ಮಾಡಿ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟು ತನ್ನ ವಸಾಹತುಗಳ ಗುಲಾಮಗಿರಿ ಮುಗಿಸಿತು. (ಗುಲಾಮರಾಗಿದ್ದವರಿಗೆ ಒಂದು ಪೈಸೆಯೂ ಇಲ್ಲ.) ಬ್ರೆಜಿಲ್ 1888ರಲ್ಲಿ ಯುದ್ಧ ಇಲ್ಲದೆ ಮುಗಿಸಿತು. ಅಮೆರಿಕಕ್ಕೆ ಏನು ಅಡ್ಡಿ?

ಮೊದಲನೆಯದು ಹಣ. 1860ರ ಸುಮಾರಿಗೆ ಕೇಂದ್ರ ಸರ್ಕಾರದ ವರ್ಷದ ಖರ್ಚು 6–7 ಕೋಟಿ ಡಾಲರ್. ಬಿಡಿಸಬೇಕಾದ ‘ಆಸ್ತಿ’ 300 ಕೋಟಿ. ನಲವತ್ತು ವರ್ಷದ ಬಜೆಟ್ಟನ್ನು ಪೂರ್ತಿ ಇದಕ್ಕೇ ಸುರಿದರೂ ಸಾಲದು. ಎರಡನೆಯದು, ಬ್ರಿಟನ್‌ನ ಗುಲಾಮ ಮಾಲೀಕರು ಸಮುದ್ರದಾಚೆ ಇದ್ದರು. ಅಮೆರಿಕದಲ್ಲಿ ಅವರೇ ಸೆನೆಟರ್‌ಗಳು, ನ್ಯಾಯಮೂರ್ತಿಗಳು, ಅಧ್ಯಕ್ಷರು. ಮೂರನೆಯದೇ ನಿಜವಾದ ಅಡ್ಡಿ: ಮಾರಲು ಅವರಿಗೆ ಇಷ್ಟ ಇರಲಿಲ್ಲ.

ಇದಕ್ಕೆ ಡೆಲವೇರ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ಇಡೀ ರಾಜ್ಯದಲ್ಲಿ ಗುಲಾಮರು 1,800ಕ್ಕೂ ಕಡಿಮೆ. ಯುದ್ಧ ಶುರುವಾದ ಮೇಲೆ, 1861ರ ಕೊನೆಯಲ್ಲಿ, ಲಿಂಕನ್ ಒಂದು ಯೋಜನೆ ಬರೆದು ಕಳಿಸಿದ. ಕೇಂದ್ರದಿಂದ 7 ಲಕ್ಷ ಡಾಲರ್‌ಗೂ ಜಾಸ್ತಿ ಕೊಡುತ್ತೇವೆ, ನಿಧಾನಕ್ಕೆ ಬಿಡುಗಡೆ ಮಾಡಿ. ಒಪ್ಪುವುದಿಲ್ಲ ಎಂದು ಗೊತ್ತಾಗಿ ಅಲ್ಲಿನ ಶಾಸನಸಭೆಯಲ್ಲಿ ಅದನ್ನು ಮಂಡಿಸಲೇ ಇಲ್ಲ. ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿಯನ್ನು ಡೆಲವೇರ್ ಒಪ್ಪಿದ್ದು 1901ರಲ್ಲಿ! 1,800 ಜನರ ವಿಷಯದಲ್ಲೇ ಹೀಗಾದರೆ ಮಿಸಿಸಿಪ್ಪಿಯ 4 ಲಕ್ಷಕ್ಕೂ ಹೆಚ್ಚು ಜನರ ವಿಷಯ ಬಿಡಿ.

ಇನ್ನೂ ಒಂದು. ಯುದ್ಧಕ್ಕೆ ಮೊದಲು ಉತ್ತರದ ಸಂಸದರು ಎಷ್ಟು ಬಗ್ಗಿದ್ದರು ಅಂದರೆ, ಇರುವ ರಾಜ್ಯಗಳಲ್ಲಿ ಗುಲಾಮಗಿರಿಯನ್ನು ಕೇಂದ್ರ ಎಂದೂ ಮುಟ್ಟದಂತೆ ಸಂವಿಧಾನ ತಿದ್ದುಪಡಿಗೆ 1861ರ ಮಾರ್ಚ್ ಮೊದಲ ವಾರದ ಹೊತ್ತಿಗೆ ಎರಡೂ ಮನೆಗಳು ಒಪ್ಪಿದ್ದವು. ಲಿಂಕನ್ ಅದಕ್ಕೆ ಅಡ್ಡ ಬರಲಿಲ್ಲ. ಹೋದವರು ವಾಪಸ್ ಬರಲಿಲ್ಲ. ಸೆನೆಟರ್ ಜಾನ್ ಕ್ರಿಟೆಂಡೆನ್ ಹಳೇ ಗೆರೆಯನ್ನು ಪೆಸಿಫಿಕ್‌ವರೆಗೆ ಎಳೆಯೋಣ, ಮುಂದೆ ಸಿಗುವ ನೆಲಕ್ಕೂ ಅದೇ ಇರಲಿ ಅಂದಾಗ ಮಾತ್ರ ಲಿಂಕನ್ ಗಟ್ಟಿಯಾಗಿ ಬೇಡ ಅಂದ. ಹಾಗೆ ಮಾಡಿದರೆ ಇವರು ನಾಳೆ ಕ್ಯೂಬಾ, ನಾಡಿದ್ದು ಮೆಕ್ಸಿಕೋ ಅನ್ನುತ್ತಾರೆ ಅನ್ನುವುದು ಅವನ ಲೆಕ್ಕ. ಗೆದ್ದ ಚುನಾವಣೆಯ ಒಂದೇ ಭರವಸೆಯನ್ನು ಬಿಟ್ಟುಕೊಟ್ಟರೆ ಚುನಾವಣೆಗೆ ಅರ್ಥ ಏನು? ಮಾತುಕತೆಗೆ ಉಳಿದಿದ್ದ ಜಾಗ ಅದೊಂದೇ, ಅಲ್ಲಿ ಇಬ್ಬರೂ ಬಿಡುವ ಹಾಗಿರಲಿಲ್ಲ.

ಧಾರವಾಡದ ಹತ್ತಿ

ದಕ್ಷಿಣದವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಬ್ರಿಟನ್ನಿನ ಗಿರಣಿಗಳ ಹತ್ತಿಯಲ್ಲಿ ಬಹುಪಾಲು ತಮ್ಮದೇ, ಅದು ನಿಂತರೆ ಬ್ರಿಟನ್ ತಮ್ಮ ಪರ ಬಂದೇ ಬರುತ್ತದೆ ಅಂತ. ಈ ಲೆಕ್ಕ ಕೆಡಿಸಿದ್ದರಲ್ಲಿ ಈಜಿಪ್ಟ್ ಮತ್ತು ಭಾರತದ ಪಾಲಿದೆ, ನಮ್ಮ ಧಾರವಾಡ ಸೀಮೆಯದ್ದೂ ಇದೆ. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ಹತ್ತಿ ತಳಿಯನ್ನು ಆ ಕಡೆ ಬೆಳೆಸಿ ನೋಡಿತ್ತು. ಯುದ್ಧ ಶುರುವಾದಾಗ ಬೆಲೆ ಗಗನಕ್ಕೇರಿ, ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಬೊಂಬಾಯಿಗೆ ಹೋಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರದ ಒತ್ತಡ ಇತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಬೊಂಬಾಯಿಯ ಬ್ಯಾಂಕುಗಳು ಮುಳುಗಿದವು.

ಎಚ್-1ಬಿ ಕುಟುಂಬಗಳಿಗೆ ಇದರ ಸಂಬಂಧ

ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಲು ಬಂದದ್ದು 1868ರ 14ನೇ ತಿದ್ದುಪಡಿ. ಅಮೆರಿಕದ ನೆಲದಲ್ಲಿ ಹುಟ್ಟಿದ, ಅದರ ಕಾನೂನಿನ ವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಪ್ರಜೆಗಳು ಅನ್ನುತ್ತದೆ ಅದು. ಯಾರು ಪ್ರಜೆ ಅನ್ನುವುದನ್ನು ಆಯಾ ಕಾಲದ ಬಹುಮತಕ್ಕೋ ಒಬ್ಬ ನ್ಯಾಯಮೂರ್ತಿಗೋ ಬಿಡಬಾರದು ಅನ್ನುವುದು ಯುದ್ಧದಿಂದ ಅವರು ಕಲಿತ ಪಾಠ. 2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದ ಆದೇಶ ಇದೇ ವಾಕ್ಯದ ಮೇಲೆ ನಿಂತಿದೆ. ಅಕ್ರಮವಾಗಿ ಬಂದವರ ಮಕ್ಕಳಿಗಷ್ಟೇ ಅಲ್ಲ, ತಾಯಿ ವಿದ್ಯಾರ್ಥಿ ಅಥವಾ (ಎಚ್-1ಬಿಯಂಥ) ಕೆಲಸದ ವೀಸಾದಲ್ಲಿದ್ದು, ತಂದೆ ಪ್ರಜೆಯೋ ಗ್ರೀನ್ ಕಾರ್ಡ್ ಇದ್ದವನೋ ಅಲ್ಲದಿದ್ದರೆ ಆ ಮಗುವಿಗೂ ಹುಟ್ಟಿನಿಂದ ಪೌರತ್ವ ಇಲ್ಲ ಅನ್ನುತ್ತದೆ ಆದೇಶ. ಕೆಳಗಿನ ಕೋರ್ಟುಗಳು ತಡೆ ಕೊಟ್ಟವು, 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ವಿಚಾರಣೆಗೆ ಎತ್ತಿಕೊಂಡಿತು.

ಸರ್ಕಾರದ ವಾದ: ಈ ತಿದ್ದುಪಡಿ ಬಂದದ್ದು ಬಿಡುಗಡೆಯಾದ ಗುಲಾಮರು ಮತ್ತು ಅವರ ಮಕ್ಕಳಿಗಾಗಿ, ತಾತ್ಕಾಲಿಕವಾಗಿ ಬಂದುಹೋಗುವವರ ಮಕ್ಕಳಿಗಲ್ಲ. ಎದುರು ವಾದ: ಬರೆದಿರುವುದು ‘ಎಲ್ಲರೂ’ ಎಂದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಪ್ರಜೆಯೇ ಎಂದು 1898ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 1866ರ ಸೆನೆಟ್ ಚರ್ಚೆಯಲ್ಲೂ ಈ ಪ್ರಶ್ನೆ ನೇರವಾಗಿ ಬಂದಿತ್ತು. ಚೀನೀಯರ ಮಕ್ಕಳೂ ಪ್ರಜೆಗಳಾಗಿಬಿಡುತ್ತಾರಲ್ಲ ಎಂದು ಪೆನ್ಸಿಲ್ವೇನಿಯಾದ ಎಡ್ಗರ್ ಕೌಅನ್ ಆಕ್ಷೇಪ ಎತ್ತಿದ. ಹೌದು, ಆಗಲಿ, ಅದೇ ನಮ್ಮ ಉದ್ದೇಶ ಅನ್ನುವ ಅರ್ಥದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಕಾನೆಸ್ ಉತ್ತರ ಕೊಟ್ಟ. ನನ್ನ ಪ್ರಕಾರ ಆ ಉತ್ತರವನ್ನು ದಾಟಿ ಹೋಗುವುದು ಸರ್ಕಾರಕ್ಕೆ ಸುಲಭ ಅಲ್ಲ.

ಆದೇಶ ಊರ್ಜಿತವಾದರೆ ಆಸ್ಪತ್ರೆಯ ಜನನ ಪ್ರಮಾಣಪತ್ರ ಒಂದೇ ಪೌರತ್ವಕ್ಕೆ ಸಾಕಾಗುವುದಿಲ್ಲ, ತಂದೆತಾಯಿಯ ಕಾಗದಪತ್ರವನ್ನೂ ನೋಡಬೇಕಾಗುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ದಶಕಗಟ್ಟಲೆ ಕಾಯುವ ಭಾರತೀಯ ದಂಪತಿಯ ಮಗು ಅಲ್ಲೇ ಹುಟ್ಟಿ ಅಲ್ಲೇ ಶಾಲೆಗೆ ಹೋದರೂ ಅವಲಂಬಿತರ ವೀಸಾದಲ್ಲಿ ಇರಬೇಕು, ಆ ವೀಸಾ 21ಕ್ಕೆ ಮುಗಿಯುತ್ತದೆ. ಆದೇಶ ಬಿದ್ದುಹೋದರೆ ಸರ್ಕಾರಕ್ಕೆ ಉಳಿಯುವುದು ಸಂವಿಧಾನ ತಿದ್ದುಪಡಿಯ ದಾರಿ: ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ವೋಟು, ಆಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ. ಈಗಿನ ಪಕ್ಷಗಳ ಬಲಾಬಲದಲ್ಲಿ ಅದು ಆಗುವ ಮಾತಲ್ಲ.